ಮಾತಿನ ಬಾನುಲಿಯ ಒಂದು ದಿನ

ಕಡೂರು ತಾಲ್ಲೂಕಿನ ಯಗಟಿ ಹೋಬಳಿಯು ಆಡಳಿತದ ಲೆಕ್ಕದಲ್ಲಿ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರೂ ಮಲೆನಾಡಿನ ಮಳೆ ಅಲ್ಲಿಗೆ ತಲುಪುವುದಿಲ್ಲ. ರಾಗಿ, ತೆಂಗು, ಈರುಳ್ಳಿಗಳ ಈ ಬಯಲುಸೀಮೆಗೆ ಹತ್ತಿರದ ಬಾನುಲಿ ನಿಲಯಗಳಲ್ಲಿ ಹಳೆಯದು 1965ರಲ್ಲಿ ಆರಂಭವಾದ ಭದ್ರಾವತಿಯ ಆಕಾಶವಾಣಿ. 675 ಕಿಲೋಹರ್ಟ್ಸ್‌ನ ಮಧ್ಯಮ ತರಂಗದಲ್ಲಿ ಪ್ರಸಾರವಾಗುತ್ತಿದ್ದ ಈ ನಿಲಯದ ಧ್ವನಿಯು, ಮಧ್ಯಮ ತರಂಗಗಳು ನೆಲವನ್ನು ಅನುಸರಿಸಿ ಸಾಗುವುದರಿಂದ, ಗುಡ್ಡಬೆಟ್ಟಗಳ ಮರೆಯಲ್ಲಿದ್ದ ಊರುಗಳಿಗೂ ಹಗಲಿನಲ್ಲಿ ಸ್ಪಷ್ಟವಾಗಿ ಮುಟ್ಟುತ್ತಿತ್ತು. ಕತ್ತಲಾದ ಮೇಲೆ ಮೇಲಿನ ವಾತಾವರಣದ ವಿದ್ಯುದಾವಿಷ್ಟ ಪದರಗಳು ಅವೇ ತರಂಗಗಳನ್ನು ದೂರದೂರಕ್ಕೆ ಪ್ರತಿಫಲಿಸುವುದರಿಂದ ಬೇರೆ ನಾಡುಗಳ ನಿಲಯಗಳೂ ನಡುವೆ ನುಸುಳಿ ಗೊರಗೊರ ಎನ್ನುತ್ತಿದ್ದವು.

ರೇಡಿಯೋ ಎಂದೊಡನೆ ಚಿತ್ರಗೀತೆ ನೆನಪಾಗುವುದು ಸಹಜವಾದರೂ, ಆಕಾಶವಾಣಿಯ ದಿನಚರಿಗೆ ಗಡಿಯಾರದ ಅಚ್ಚುಕಟ್ಟು ಬಂದದ್ದು ಮಾತಿನ ಕಾರ್ಯಕ್ರಮಗಳಿಂದ. ವಾಲ್ಟರ್ ಕೌಫ್‌ಮನ್ ಸಂಯೋಜಿಸಿದ ಸಂಕೇತ ರಾಗ ಮುಗಿದು ಬೆಳಗಿನ ಪ್ರಸಾರ ತೆರೆದುಕೊಂಡ ಮೇಲೆ ನಾಲ್ಕೈದು ನಿಮಿಷಗಳ ‘ಚಿಂತನ’, ಸಂಸ್ಕೃತ ವಾರ್ತೆ, 7.05ಕ್ಕೆ ಬೆಂಗಳೂರಿನ ‘ಪ್ರದೇಶ ಸಮಾಚಾರ’, 7.35ಕ್ಕೆ ದೆಹಲಿಯಿಂದ ಕನ್ನಡ ವಾರ್ತೆ ಎಂಬ ಸರಣಿಯನ್ನು ಹಳೆಯ ಕೇಳುಗರು ಇಂದಿಗೂ ತಪ್ಪಿಲ್ಲದೆ ಹೇಳಬಲ್ಲರು. ಒಂದು ನಿಲಯದಲ್ಲಿ ಓದಿದ ವಾರ್ತೆಯನ್ನು ಉಳಿದ ನಿಲಯಗಳು ಅದೇ ಕ್ಷಣದಲ್ಲಿ ಹಿಡಿದು ತಮ್ಮ ಪ್ರೇಷಕದ ಮೂಲಕ ಬಿತ್ತರಿಸುವ ಈ ವಿಧಾನಕ್ಕೆ ಸಹಪ್ರಸಾರ ಎನ್ನುತ್ತಾರೆ. ದೆಹಲಿಯ ಸುದ್ದಿಯೂ ರಾಜ್ಯದ ಸುದ್ದಿಯೂ ಅರ್ಧ ಗಂಟೆಯ ಅಂತರದಲ್ಲಿ ಒಂದೇ ಪೆಟ್ಟಿಗೆಯಿಂದ ಕೇಳಿಬಂದದ್ದು ಅದರಿಂದಲೇ.

ಮಾತಿನ ವಿಭಾಗದ ಬೆನ್ನೆಲುಬು ಬಾನುಲಿ ಭಾಷಣ. ವಿಷಯ ತಿಳಿದವರನ್ನು ನಿಲಯವು ಆಹ್ವಾನಿಸಿ, ಬರಹವನ್ನು ಮೊದಲೇ ತರಿಸಿಕೊಂಡು, ಸಮಯಕ್ಕೆ ಸರಿಯಾಗಿ ತಿದ್ದಿಸಿ, ಆಮೇಲೆ ಧ್ವನಿಮುದ್ರಿಸುವುದು ಇದರ ಕ್ರಮ. ಹತ್ತು ನಿಮಿಷಕ್ಕೆ ಸಾವಿರ ಪದಗಳನ್ನು ಮೀರುವಂತಿಲ್ಲ. ಕೇಳುಗನು ಹಿಂದಿನ ಪುಟಕ್ಕೆ ಮರಳಲಾರನಾದ್ದರಿಂದ ವಾಕ್ಯ ಚಿಕ್ಕದಾಗಿರಬೇಕು, ಅಂಕಿಸಂಖ್ಯೆ ಮಿತವಾಗಿರಬೇಕು, ಮುಖ್ಯ ಸಂಗತಿ ಬೇರೆ ಮಾತಿನಲ್ಲಿ ಮತ್ತೊಮ್ಮೆ ಬರಬೇಕು. ಪಂಡಿತರ ಗದ್ಯವನ್ನು ಇಷ್ಟು ಬಿಗಿಯಾಗಿ ಹದಗೊಳಿಸಿದ ಇನ್ನೊಂದು ಸಂಸ್ಥೆ ಕನ್ನಡದಲ್ಲಿ ಇದೆಯೇ ಎಂಬುದು ಸಂಶಯ. (ಎಲ್ಲ ಭಾಷಣಗಳೂ ರುಚಿಕರವಾಗಿದ್ದವು ಎಂದಲ್ಲ, ಬರಹಕ್ಕೆ ಕಣ್ಣು ನೆಟ್ಟು ಒಂದೇ ಧಾಟಿಯಲ್ಲಿ ಓದಿ ಮುಗಿಸಿದವರೂ ಬೇಕಾದಷ್ಟು ಮಂದಿ.)

ಮಧ್ಯಾಹ್ನದ ಹೊತ್ತು ಬಹುಮಟ್ಟಿಗೆ ಮಹಿಳೆಯರ ಕಾರ್ಯಕ್ರಮಕ್ಕೂ ಆರೋಗ್ಯದ ಸಲಹೆಗೂ ಮೀಸಲು. ಯಗಟಿಯಂಥ ಊರಿನ ದೃಷ್ಟಿಯಿಂದ ತೂಕ ಹೆಚ್ಚಿದ್ದುದು ಸಂಜೆಯ ಕೃಷಿ ಕಾರ್ಯಕ್ರಮಕ್ಕೆ. 1966ರಿಂದ ಆಕಾಶವಾಣಿಯು ಆಯ್ದ ನಿಲಯಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳನ್ನು ತೆರೆದಾಗ ಹಸಿರು ಕ್ರಾಂತಿಯ ಹೊಸ ತಳಿಗಳನ್ನು ರೈತರಿಗೆ ಪರಿಚಯಿಸುವುದು ಅವುಗಳ ಮುಖ್ಯ ಕೆಲಸವಾಗಿತ್ತು. ತಮಿಳುನಾಡಿನ ತಂಜಾವೂರಿನಲ್ಲಿ ಹೀಗೆ ಪರಿಚಯವಾದ ಒಂದು ಭತ್ತದ ತಳಿಗೆ ರೈತರೇ ‘ರೇಡಿಯೋ ಭತ್ತ’ ಎಂದು ಹೆಸರಿಟ್ಟಿದ್ದರು. ತೆಂಗಿನ ನುಸಿ ಪೀಡೆಗೆ ಏನು ಮಾಡಬೇಕು, ಈ ವಾರ ಮಳೆಯ ಸೂಚನೆ ಏನು, ಕೊಬ್ಬರಿಯ ಪೇಟೆ ಧಾರಣೆ ಎಷ್ಟು ಎಂಬ ಪ್ರಶ್ನೆಗಳಿಗೆ ದೆಹಲಿಯ ಸಹಪ್ರಸಾರದಲ್ಲಿ ಉತ್ತರ ಸಿಗುವಂತಿರಲಿಲ್ಲ. ಅದಕ್ಕೆ ಹತ್ತಿರದ ನಿಲಯವೂ ಆ ಭಾಗದ ಮಾತೂ ಬೇಕಿತ್ತು. ಬೆಂಗಳೂರು ನಿಲಯದಲ್ಲಿ ಎ.ಎಸ್. ಮೂರ್ತಿಯವರು ‘ಈರಣ್ಣ’ ಎಂಬ ಪಾತ್ರವಾಗಿ ಮನೆಮಾತಾದುದರ ಗುಟ್ಟೂ ಉಪದೇಶವನ್ನು ಹಳ್ಳಿಯ ಹರಟೆಯಾಗಿ ತಿರುಗಿಸಿದ್ದರಲ್ಲಿದೆ.

ರಾತ್ರಿಯ ಪ್ರಸಾರಕ್ಕೆ ನಾಟಕ ಮತ್ತು ರೂಪಕಗಳು ಉಳಿಯುತ್ತಿದ್ದವು. ರೂಪಕವೆಂದರೆ ನಿರೂಪಣೆ, ಸಂಭಾಷಣೆ, ಸ್ಥಳದಲ್ಲಿ ಹಿಡಿದ ಸದ್ದು ಇವನ್ನು ಹೆಣೆದು ಒಂದು ನಿಜ ಸಂಗತಿಯನ್ನು ಹೇಳುವ ಪ್ರಕಾರ. ನಾಟಕದಲ್ಲಿಯಾದರೋ ಬಾಗಿಲಿನ ಕಿರುಗುಟ್ಟುವಿಕೆಯೂ ಹೆಜ್ಜೆಯ ಸಪ್ಪಳವೂ ರಂಗಸಜ್ಜಿಕೆಯ ಕೆಲಸ ಮಾಡುತ್ತವೆ.

ಕನ್ನಡದಲ್ಲಿ ಈ ಬಾನುಲಿ ಪರಂಪರೆಗೆ ಬುನಾದಿ ಹಾಕಿದ್ದು ಸರ್ಕಾರವಲ್ಲ, ಒಬ್ಬ ಅಧ್ಯಾಪಕ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ ‘ವಿಠ್ಠಲ ವಿಹಾರ’ದಲ್ಲಿ 30 ವ್ಯಾಟ್‌ನ ಸಣ್ಣ ಪ್ರೇಷಕವಿಟ್ಟು ಪ್ರಸಾರ ಆರಂಭಿಸಿದರು, ಅವರ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ಸಂದಿತು. ಧಾರವಾಡದ ನಿಲಯ 1950ರಲ್ಲಿಯೂ ಬೆಂಗಳೂರಿನದು 1955ರಲ್ಲಿಯೂ ತೆರೆದವು.

ಇಂದು ಭದ್ರಾವತಿಯ ಕಾರ್ಯಕ್ರಮಗಳು ಎಫ್‌.ಎಂ. 103.5ರಲ್ಲಿಯೂ ಮೊಬೈಲಿನ ಆ್ಯಪ್‌ನಲ್ಲಿಯೂ ದೊರೆಯುತ್ತವೆ. ಎಫ್‌.ಎಂ.ನಲ್ಲಿ ಧ್ವನಿ ಶುದ್ಧವಾದರೂ ಅದರ ತರಂಗಗಳು ನೇರ ದೃಷ್ಟಿರೇಖೆಯಲ್ಲಿ ಸಾಗುವುದರಿಂದ ಹಬ್ಬುವ ದೂರ ಕಡಿಮೆ. ಖಾಸಗಿ ಎಫ್‌.ಎಂ. ನಿಲಯಗಳಿಗೆ ಸ್ವಂತ ಸುದ್ದಿ ಪ್ರಸಾರ ಮಾಡುವ ಅನುಮತಿ ಇಲ್ಲದಿರುವಾಗ ಮತ್ತು ಅವುಗಳ ಗಮನವೆಲ್ಲ ನಗರದ ಮೇಲಿರುವಾಗ, ತಾಲ್ಲೂಕಿನ ಮಟ್ಟದ ಮಾತನ್ನು ಗಾಳಿಗೆ ಏರಿಸುವ ಹೊಣೆ ಆಕಾಶವಾಣಿಯ ಸಣ್ಣ ನಿಲಯಗಳ ಮೇಲೆಯೇ ಉಳಿದಿದೆ. ಸಹಪ್ರಸಾರದ ಅವಧಿ ಹಿಗ್ಗಿದಷ್ಟೂ ಆ ಮಾತಿಗೆ ಜಾಗ ಕುಗ್ಗುತ್ತದೆ. ಬೇರೆ ಯಾವುದನ್ನು ಕಡಿತಗೊಳಿಸಿದರೂ ನಿಲಯಗಳು ತಮ್ಮದೇ ಆದ ಸಂಜೆಯ ಕೃಷಿ ಕಾರ್ಯಕ್ರಮವನ್ನು ಮಾತ್ರ ಬಿಟ್ಟುಕೊಡಬಾರದು.