ವರದಿ ಯಾರ ಕೈಯಲ್ಲಿದೆ?

ಸ್ತನ ಕ್ಯಾನ್ಸರ್ ಎಂದು ಖಚಿತವಾದ ದಿನಕ್ಕೂ ಮೊದಲ ಕಿಮೊಥೆರಪಿಯ ದಿನಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ವಾರಗಳ ಅಂತರವಿರುತ್ತದೆ. ಆಸ್ಪತ್ರೆಯವರಿಗೆ ಇದು ಪರೀಕ್ಷೆಗಳ ಅವಧಿ, ಬಂಧುಬಳಗಕ್ಕೆ ಪಿಸುಮಾತಿನ ಅವಧಿ. ರೋಗಿ ಈ ದಿನಗಳಲ್ಲಿ ಏನು ಮಾಡಬೇಕೆಂಬುದನ್ನು ಮಾತ್ರ ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲ. ‘ಧೈರ್ಯವಾಗಿರಿ’ ಎಂಬಲ್ಲಿಗೆ ಎಲ್ಲರ ಸಲಹೆಯೂ ಮುಗಿಯುತ್ತದೆ. ನಾನೀಗ ಆ ಅಂತರದ ಹದಿನಾರನೆಯ ದಿನದಲ್ಲಿದ್ದೇನೆ. ಬರುವ ಸೋಮವಾರ ನನ್ನ ಮೊದಲ ಸುತ್ತು. ಈ ಹದಿನಾರು ದಿನಗಳಲ್ಲಿ ನನಗೆ ಅತ್ಯಂತ ಅಗತ್ಯವೆಂದು ತೋರಿದ್ದು ಧೈರ್ಯಕ್ಕಿಂತ ಹೆಚ್ಚಾಗಿ ಮಾಹಿತಿ. ಅದನ್ನು ಪಡೆಯುವುದಕ್ಕೂ ಹೆಂಗಸೊಬ್ಬಳು ನಮ್ಮಲ್ಲಿ ಎಷ್ಟು ಬಾಗಿಲು ತಟ್ಟಬೇಕು ಎಂಬುದರ ಬಗ್ಗೆ ಬರೆಯಬೇಕೆನ್ನಿಸಿತು.

ನನಗೆ ಅರವತ್ತನಾಲ್ಕು ವರ್ಷ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿ, ರಾಜ್ಯ ಸರ್ಕಾರದ ಸೇವೆಗೆ ಸೇರಿ, ಮೂವತ್ತಮೂರು ವರ್ಷ ಕಡತಗಳ ನಡುವೆ ಕಳೆದವಳು. ಸಂಬಂಧಪಟ್ಟ ವ್ಯಕ್ತಿಗೆ ತಿಳಿಸದೆ, ಅವರ ಅಹವಾಲು ಕೇಳದೆ ಅವರ ವಿಷಯದಲ್ಲಿ ಆದೇಶ ಹೊರಡಿಸಬಾರದೆಂಬುದು ಸೇವೆಯ ಮೊದಲ ವರ್ಷದಲ್ಲೇ ಕಲಿತ ಪಾಠ. ಬಯಾಪ್ಸಿ ವರದಿ ಬಂದ ದಿನ ಆಸ್ಪತ್ರೆಯೊಂದರಲ್ಲಿ ನನ್ನನ್ನು ಹೊರಗೆ ಕೂರಿಸಿ ನನ್ನ ಪತಿಯನ್ನು ಮಾತ್ರ ಒಳಗೆ ಕರೆದರು. ಹತ್ತು ನಿಮಿಷದ ಬಳಿಕ ಅವರು ಕವರು ಹಿಡಿದು ಹೊರಬಂದು, ‘ಸಣ್ಣದಂತೆ, ಔಷಧದಲ್ಲೇ ಹೋಗುತ್ತಂತೆ’ ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಮುಖ ಹೇಗಿರುತ್ತದೆ ಎಂಬುದನ್ನು ವಿಚಾರಣೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಕಾರಿನಲ್ಲಿ ಕುಳಿತ ಮೇಲೆ ಕವರನ್ನು ಅವರ ಕೈಯಿಂದ ತೆಗೆದುಕೊಂಡು ಓದಿದೆ. ಗಡ್ಡೆ 2.8 ಸೆಂಟಿಮೀಟರ್, ಕಂಕುಳಿನ ಒಂದು ಗ್ರಂಥಿಗೂ ಹರಡಿದೆ.

ಆ ವೈದ್ಯರು ಕೆಟ್ಟವರೆಂದು ನಾನು ಹೇಳಲಾರೆ. ಅವರು ಕರುಣೆಯಿಂದಲೇ ಹಾಗೆ ಮಾಡಿರಬೇಕು. ಆದರೆ ಕರುಣೆಯ ಹೆಸರಿನಲ್ಲಿ ರೋಗಿಯನ್ನು ಬದಿಗೆ ಸರಿಸುವ ಈ ಪದ್ಧತಿಗೆ ಕಾನೂನಿನ ಬೆಂಬಲವಿಲ್ಲ. ವೈದ್ಯರ ವೃತ್ತಿನಡತೆಯ ಕುರಿತಾದ 2002ರ ನಿಯಮಾವಳಿಯ ಪ್ರಕಾರ, ರೋಗಿ ಕೇಳಿದ 72 ಗಂಟೆಗಳೊಳಗೆ ಆಕೆಯ ದಾಖಲೆಗಳನ್ನು ಕೊಡಬೇಕು. ಸಮಿರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಕೊಟ್ಟ ತೀರ್ಪು ಇನ್ನೂ ಸ್ಪಷ್ಟ. ಕೇವಲ ಪರೀಕ್ಷೆಗೆಂದು ಅರಿವಳಿಕೆ ಪಡೆದ ಮಹಿಳೆಯ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದುಹಾಕಲಾಗಿತ್ತು. ಪ್ರಾಣಾಪಾಯವಿಲ್ಲದಾಗ, ಪ್ರಾಪ್ತ ವಯಸ್ಕಳಾದ ರೋಗಿಯ ಪರವಾಗಿ ತಾಯಿ ಕೂಡ ಒಪ್ಪಿಗೆ ಕೊಡಲಾಗದು ಎಂದು ನ್ಯಾಯಾಲಯ ಹೇಳಿತು. ಹದಿನೆಂಟು ತುಂಬಿದ ಹೆಣ್ಣಿನ ದೇಹದ ಕುರಿತು ತೀರ್ಮಾನಿಸುವವಳು ಅವಳೇ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ ಹೇಳಿಕೊಡಬೇಕಾಯಿತು!

ನಾನು ಓದು ಬಲ್ಲವಳು, ಪಿಂಚಣಿ ಇರುವವಳು, ಕವರನ್ನು ಕಸಿದುಕೊಳ್ಳಬಲ್ಲೆ. ಎಲ್ಲರಿಗೂ ಅದು ಸಾಧ್ಯವಿಲ್ಲ. ಬಯಾಪ್ಸಿಯ ಗಾಜುಪಟ್ಟಿಗಳನ್ನೂ ಮೇಣದ ತುಂಡನ್ನೂ ಹಿಡಿದು ಎರಡನೆಯ ಅಭಿಪ್ರಾಯಕ್ಕಾಗಿ ನಾನು ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೆ ಹೋಗಿದ್ದೆ. 1973ರಲ್ಲಿ ಆರಂಭವಾದ ಈ ಸಂಸ್ಥೆಯ ಕಾಯುವ ಬೆಂಚುಗಳ ಮೇಲೆ ಒಂದು ಗಂಟೆ ಕುಳಿತರೆ ಕರ್ನಾಟಕದ ಎಲ್ಲ ಬಗೆಯ ಕನ್ನಡವೂ ಕಿವಿಗೆ ಬೀಳುತ್ತದೆ. ನನ್ನ ಪಕ್ಕದಲ್ಲಿ ಕೊಪ್ಪಳ ಕಡೆಯ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕುಳಿತಿದ್ದರು. ಏನಾಗಿದೆ ಎಂದು ಕೇಳಿದೆ. ‘ಎದಿಯಾಗ ಗಂಟ್ ಆಗೇತ್ರಿ’ ಎಂದರು. ಮಗ ಚೀಟಿ ಮಾಡಿಸಲು ಹೋಗಿದ್ದ. ಆತ ಮರೆಯಾದದ್ದನ್ನು ನೋಡಿಕೊಂಡು, ಸೆರಗಿನಡಿಯಿಂದ ಒಂದು ಹಾಳೆ ತೆಗೆದು, ‘ಇದರಾಗ ಏನ್ ಬರದಾರ, ಓದಿ ಹೇಳ್ರೀ ಅಮ್ಮಾರ’ ಎಂದರು. ಹಾಳೆಯ ಮೂರನೆಯ ಸಾಲಿನಲ್ಲೇ ಎಲ್ಲವೂ ಇತ್ತು. ಅದನ್ನು ಹೇಳುವ ಹಕ್ಕು ನನ್ನದಲ್ಲ. ಆಕೆಗೆ ತಿಳಿಯಬಾರದೆಂದು ನಿರ್ಧರಿಸುವ ಹಕ್ಕು ಆಕೆಯ ಮಗನದ್ದೂ ಅಲ್ಲ. ಆತ ಬಂದ ಮೇಲೆ ಅವನೆದುರಿನಲ್ಲೇ, ‘ಒಳಗೆ ನೀವೂ ಹೋಗಿ, ಡಾಕ್ಟರನ್ನು ನೀವೇ ಕೇಳಿ, ಅವರು ಹೇಳಲೇಬೇಕು’ ಎಂದೆ. ಹುಡುಗ ನನ್ನನ್ನು ದುರುಗುಟ್ಟಿ ನೋಡಿದ. ಆಕೆ ಹಾಳೆಯನ್ನು ಮಡಿಸಿ ಮತ್ತೆ ಸೆರಗಿನಡಿ ಇಟ್ಟುಕೊಂಡರು. ಹೆಸರು ಕೂಗಿದಾಗ ತಾಯಿ ಮುಂದೆ, ಮಗ ಹಿಂದೆ ಒಳಗೆ ಹೋದರು. ಅಲ್ಲಿಂದಾಚೆಗೆ ನನಗೆ ಗೊತ್ತಿಲ್ಲ.

2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಹೊಸದಾಗಿ ಸ್ತನ ಕ್ಯಾನ್ಸರ್‌ಗೆ ತುತ್ತಾದವರು ಸುಮಾರು 1 ಲಕ್ಷ 92 ಸಾವಿರ. ಸತ್ತವರು 98 ಸಾವಿರಕ್ಕೂ ಹೆಚ್ಚು. ಈ ಲಕ್ಷಗಳಲ್ಲಿ ಎಷ್ಟು ಮಂದಿ ತಮ್ಮ ವರದಿಯನ್ನು ತಾವೇ ಓದಿದ್ದರೋ!

ಓದುವುದರಿಂದ ಆಗುವ ಲಾಭವಾದರೂ ಏನು ಎಂದು ಕೇಳಬಹುದು. ಸ್ತನ ಕ್ಯಾನ್ಸರ್ ಎಂಬುದು ಒಂದೇ ರೋಗವಲ್ಲ. ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಗ್ರಾಹಿಗಳು ಇವೆಯೇ, ‘ಹರ್-2’ ಎಂಬ ಪ್ರೋಟೀನು ಅತಿಯಾಗಿದೆಯೇ ಎಂಬ ಮೂರು ಪ್ರಶ್ನೆಗಳ ಉತ್ತರದ ಮೇಲೆ ಮುಂದಿನ ಇಡೀ ಚಿಕಿತ್ಸೆ ನಿಂತಿದೆ. ಈ ಉತ್ತರ ಕೈಗೆ ಬರುವ ಮೊದಲೇ ‘ತಕ್ಷಣ ತೆಗೆಸಿಬಿಡಿ’ ಎಂದು ಅವಸರಪಡಿಸುವ ಬಂಧುಗಳು ಎಲ್ಲರಿಗೂ ಇರುತ್ತಾರೆ. ಆರಂಭದ ಹಂತದಲ್ಲಿ ಗಡ್ಡೆಯಷ್ಟನ್ನೇ ತೆಗೆದು ವಿಕಿರಣ ನೀಡಿದರೂ, ಇಡೀ ಸ್ತನ ತೆಗೆದರೂ ಬದುಕುಳಿಯುವ ಪ್ರಮಾಣ ಒಂದೇ ಎಂಬುದು ಅಮೆರಿಕದ ಬರ್ನಾರ್ಡ್ ಫಿಷರ್ ಮತ್ತು ಇಟಲಿಯ ಉಂಬರ್ಟೊ ವೆರೊನೆಸಿ ಅವರ ಇಪ್ಪತ್ತು ವರ್ಷಗಳ ಅಧ್ಯಯನಗಳಿಂದ 2002ರಲ್ಲೇ ದೃಢಪಟ್ಟಿದೆ. ನನ್ನಂಥ ಹಲವರಿಗೆ ಮೊದಲು ಕಿಮೊ, ನಂತರ ಶಸ್ತ್ರಕ್ರಿಯೆ. ಔಷಧಕ್ಕೆ ಗಡ್ಡೆ ಎಷ್ಟು ಕರಗಿತು ಎಂಬುದನ್ನು ನೋಡಿ ಮುಂದಿನ ಔಷಧವನ್ನು ಆರಿಸಲು ಇದರಿಂದ ಸಾಧ್ಯವಾಗುತ್ತದೆ. ಪೂರ್ತಿ ಕರಗಿಬಿಟ್ಟರೆ ಜಾಗ ಗುರುತಿಸಲು ಗಡ್ಡೆಯೊಳಗೆ ಮೊದಲೇ ಪುಟ್ಟ ಲೋಹದ ಗುರುತೊಂದನ್ನು ಇಡುತ್ತಾರೆ. ನನಗೆ ಅದನ್ನು ಕಳೆದ ವಾರ ಇಟ್ಟರು.

ನನ್ನ ವರದಿಯಲ್ಲಿ ಮೊದಲ ಎರಡಕ್ಕೆ ‘ಇಲ್ಲ’, ಮೂರನೆಯದಕ್ಕೆ ‘3+’. ಸ್ತನ ಕ್ಯಾನ್ಸರ್‌ಗಳಲ್ಲಿ ಶೇ 15ರಿಂದ 20ರಷ್ಟು ಈ ಬಗೆಯವು. ಒಂದು ಕಾಲಕ್ಕೆ ಇದು ಅತಿ ಕೆಟ್ಟ ಸುದ್ದಿಯಾಗಿತ್ತು. 1998ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಟ್ರಾಸ್ಟುಜುಮಾಬ್ ಎಂಬ ಔಷಧ ಈ ಚಿತ್ರವನ್ನು ಬದಲಿಸಿತು. ಆದರೆ ಅದರ ಬೆಲೆ ನಮ್ಮ ದೇಶದ ಬಹುಪಾಲು ಹೆಂಗಸರಿಗೆ ನಿಲುಕದ್ದಾಗಿತ್ತು. 2013ರಲ್ಲಿ ಮೂಲ ಕಂಪನಿ ರೋಶ್ ಭಾರತದಲ್ಲಿ ತನ್ನ ಪೇಟೆಂಟ್ ಪ್ರಯತ್ನವನ್ನು ಕೈಬಿಟ್ಟಿತು. ಮರುವರ್ಷ ಬೆಂಗಳೂರಿನ ಬಯೋಕಾನ್ ಅದರ ಸಮರೂಪಿ ಔಷಧವನ್ನು ಮಾರುಕಟ್ಟೆಗೆ ತಂದಿತು. ಮೈಲಾನ್ ಜೊತೆಗೂಡಿ ಅಭಿವೃದ್ಧಿಪಡಿಸಿದ ಅದೇ ಔಷಧಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿಯೂ ಸಿಕ್ಕಿತು. ಈಗ ಹಲವು ಕಂಪನಿಗಳು ಇದನ್ನು ತಯಾರಿಸುತ್ತಿವೆ. ಸ್ಪರ್ಧೆಯಿಂದ ಬೆಲೆ ಇಳಿಯುತ್ತದೆ ಎಂದು ನಾವು ತರಗತಿಯಲ್ಲಿ ಕಪ್ಪು ಹಲಗೆಯ ಮೇಲೆ ಎಳೆಯುತ್ತಿದ್ದ ರೇಖೆ ನನ್ನ ಸ್ವಂತ ರಕ್ತನಾಳದವರೆಗೆ ಬಂದು ಮುಟ್ಟಿತೆಂದು ತಮಾಷೆ ಮಾಡಿದರೆ ಮನೆಯಲ್ಲಿ ಯಾರೂ ನಗಲಿಲ್ಲ.

ಅದೇ ಅರ್ಥಶಾಸ್ತ್ರ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಕೆನೆತ್ ಆರೋ 1963ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ, ವೈದ್ಯಕೀಯವು ಇತರ ಸರಕುಗಳಂತಲ್ಲ, ಇಲ್ಲಿ ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿರುವುದಿಲ್ಲ ಎಂಬುದನ್ನು ಚರ್ಚಿಸಿದ್ದರು. ಆದ್ದರಿಂದಲೇ ನಂಬಿಕೆ ಬೇಕು, ಪ್ರಶ್ನೆಯೂ ಬೇಕು. ಒಂದೇ ಔಷಧದ ಬೇರೆ ಬೇರೆ ಬ್ರ್ಯಾಂಡುಗಳ ದರದಲ್ಲಿ ಅಜಗಜಾಂತರವಿದೆ. ಆರು ಸುತ್ತು ಕಿಮೊ, ಟ್ರಾಸ್ಟುಜುಮಾಬ್ ಮಾತ್ರ ಮೂರು ವಾರಕ್ಕೊಮ್ಮೆ ಇಡೀ ಒಂದು ವರ್ಷ ಎಂದ ಮೇಲೆ ಈ ವ್ಯತ್ಯಾಸ ಸಣ್ಣದಲ್ಲ. ಔಷಧದ ಮೂಲ ಹೆಸರು, ಪ್ರಮಾಣ, ಸುತ್ತುಗಳ ಸಂಖ್ಯೆ, ಸಮರೂಪಿ ಔಷಧ ನಡೆದೀತೇ ಎಂಬ ಉತ್ತರ ಇಷ್ಟನ್ನೂ ಬರಹದಲ್ಲಿ ಕೇಳಿ ಪಡೆದೆ. ವೈದ್ಯೆ ಬೇಸರಿಸಲಿಲ್ಲ. ಬಡವರಿಗೆ ಔಷಧದ ದರದಷ್ಟೇ ಭಾರವಾದದ್ದು ಮೂರು ವಾರಕ್ಕೊಮ್ಮೆ ಬೆಂಗಳೂರಿಗೆ ಬಂದುಹೋಗುವ ಖರ್ಚು ಮತ್ತು ಜೊತೆಗೆ ಬರುವವರ ಕೂಲಿಯ ನಷ್ಟ. ರಾಜ್ಯ ಸರ್ಕಾರ 2025ರಲ್ಲಿ 16 ಜಿಲ್ಲೆಗಳಲ್ಲಿ ಹಗಲು ಕಿಮೊಥೆರಪಿ ಕೇಂದ್ರಗಳನ್ನು ತೆರೆದದ್ದು ಆ ಕಾರಣಕ್ಕೆ ಸರಿಯಾದ ಹೆಜ್ಜೆ. ಕಟ್ಟಡದ ಉದ್ಘಾಟನೆ ಸುಲಭ, ತರಬೇತಿ ಪಡೆದ ನರ್ಸುಗಳನ್ನು ಅಲ್ಲಿ ಉಳಿಸಿಕೊಳ್ಳುವುದು ಕಷ್ಟ ಎಂಬುದನ್ನು ಆಡಳಿತದಲ್ಲಿದ್ದವಳಾಗಿ ಸೇರಿಸಲೇಬೇಕು.

ಇನ್ನು ಗುಟ್ಟಿನ ವಿಚಾರ. ನನ್ನ ಕಿರಿಯ ಮಗಳಿಗೆ ಮದುವೆಯ ಮಾತುಕತೆ ನಡೆಯುತ್ತಿದೆ. ವಿಷಯ ತಿಳಿದ ಸಂಜೆಯೇ ನಾದಿನಿ ಮೈಸೂರಿನಿಂದ ಫೋನು ಮಾಡಿ, ‘ಅತ್ತಿಗೆ, ನಿಶ್ಚಿತಾರ್ಥ ಆಗುವವರೆಗೂ ಯಾರ ಕಿವಿಗೂ ಹಾಕಬೇಡಿ’ ಎಂದಳು. ಆಕೆಯ ಕಾಳಜಿ ನಿಜವಾದದ್ದು. ಆದರೆ ಸ್ತನ ಕ್ಯಾನ್ಸರ್‌ಗಳಲ್ಲಿ ನೇರವಾಗಿ ಆನುವಂಶಿಕವಾದವು ಶೇ 5ರಿಂದ 10 ಮಾತ್ರ. ಸಂಶಯವಿದ್ದರೆ ಅದಕ್ಕೆ ರಕ್ತಪರೀಕ್ಷೆ ಇದೆ. ಗುಟ್ಟು ಮಾಡುವುದೆಂದರೆ ಆಸ್ಪತ್ರೆಗೆ ಜೊತೆಗೆ ಬರುವವರು, ಅಡುಗೆಗೆ ಆಗುವವರು, ರಾತ್ರಿ ಎರಡು ಗಂಟೆಗೆ ಕಾರು ತೆಗೆಯುವ ಪಕ್ಕದ ಮನೆಯವರು ಎಲ್ಲರನ್ನೂ ಕಳೆದುಕೊಳ್ಳುವುದು. ಮಗಳನ್ನೇ ಕೇಳಿದೆ. ‘ಇದನ್ನು ಕೇಳಿ ಹಿಂದೆ ಸರಿಯುವ ಮನೆಗೆ ನಾನು ಹೋಗುವುದಾದರೂ ಏಕಮ್ಮಾ?’ ಎಂದಳು. ಹುಡುಗನ ತಾಯಿಗೆ ನಾನೇ ಫೋನು ಮಾಡಿ ತಿಳಿಸಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಯೋಚಿಸಿ ಹೇಳುತ್ತೇವೆ ಎಂದರು. ಒಂಬತ್ತು ದಿನಗಳಾದವು; ಇನ್ನೂ ಹೇಳಿಲ್ಲ. ಮಗಳು ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದಾಳೆ. ನಾನು ಅವಳ ಫೋನು ಸದ್ದಾದಾಗಲೆಲ್ಲ ಕಿವಿ ನಿಮಿರಿಸುತ್ತೇನೆ.

ಕೂದಲಿನ ಪ್ರಶ್ನೆಯೂ ಇದರ ಮುಂದುವರಿಕೆಯೇ. ಮೊದಲ ಸುತ್ತಿನ ಎರಡು ಮೂರು ವಾರಗಳಲ್ಲಿ ಅದು ಉದುರುತ್ತದೆ. ‘ತಿರುಪತಿಗೆ ಮುಡಿ ಕೊಟ್ಟೆ ಅಂದರಾಯಿತು’ ಎಂಬುದು ಬಂಧುವೊಬ್ಬರ ಸಲಹೆ. ದೇವರನ್ನು ಸುಳ್ಳಿಗೆ ಸಾಕ್ಷಿಯಾಗಿಸುವುದು ನನಗೆ ಒಗ್ಗಲಿಲ್ಲ. ನನ್ನ ಅಳುಕಿನ ಮೂಲ ಬೇರೆಯೇ ಇದೆ. ನನ್ನ ಅಜ್ಜಿಯ ಅಕ್ಕ ಬಾಲವಿಧವೆ; ಬೋಳುತಲೆಯ ಮೇಲೆ ಕೆಂಪು ಸೀರೆಯ ಸೆರಗು ಹೊದ್ದು ಹಿತ್ತಿಲ ಕೋಣೆಯಲ್ಲಿ ಬದುಕು ಸವೆಸಿದವರು. ನಮ್ಮ ಮನೆಗಳಲ್ಲಿ ಹೆಣ್ಣಿನ ಬೋಳುತಲೆಗೆ ಇದ್ದದ್ದು ಅದೊಂದೇ ಅರ್ಥ. ವಿಗ್ಗು ಬೇಡವೆಂದಿದ್ದೇನೆ, ಬೇಕೆನ್ನುವವರ ಬಗ್ಗೆ ನನಗೆ ಆಕ್ಷೇಪವೇನಿಲ್ಲ. ನಿನ್ನೆ ಕೂದಲನ್ನು ಗಿಡ್ಡವಾಗಿ ಕತ್ತರಿಸಿಕೊಂಡು ಬಂದೆ. ಉದ್ದ ಜಡೆ ದಿಂಬಿನ ಮೇಲೆ ಹಿಡಿಹಿಡಿಯಾಗಿ ಬರುವುದನ್ನು ನೋಡುವುದಕ್ಕಿಂತ ಇದು ವಾಸಿ.

ಉಳಿದ ಸಿದ್ಧತೆಗಳು ಗೃಹಕೃತ್ಯದಂಥವು. ಹೃದಯದ ಎಕೋ ಆಯಿತು, ಏಕೆಂದರೆ ಟ್ರಾಸ್ಟುಜುಮಾಬ್ ಹೃದಯವನ್ನು ದುರ್ಬಲಗೊಳಿಸಬಹುದು. ಮೂರು ತಿಂಗಳಿಗೊಮ್ಮೆ ಮತ್ತೆ ನೋಡುತ್ತಾರೆ. ಹೆಪಟೈಟಿಸ್-ಬಿ ಪರೀಕ್ಷೆ ಆಯಿತು. ಹುಳುಕು ಹಲ್ಲನ್ನು ಸರಿಪಡಿಸಿಕೊಂಡೆ. ಬಿಳಿ ರಕ್ತಕಣಗಳು ಕುಸಿದಾಗ ಹಲ್ಲಿನ ಸೋಂಕು ದೊಡ್ಡದಾಗುತ್ತದೆ. ಕೊರಳೆಲುಬಿನ ಕೆಳಗೆ ಚರ್ಮದಡಿ ಪೋರ್ಟ್ ಕೂರಿಸಿದ್ದಾರೆ. ಪ್ರತಿ ಸಲ ಕೈಯ ನರ ಹುಡುಕುವ ಹಿಂಸೆ ತಪ್ಪುತ್ತದೆ. ಔಷಧದ ಹಿಂದಿನ ದಿನದಿಂದಲೇ ಸ್ಟೀರಾಯ್ಡ್ ಮಾತ್ರೆ ಶುರು. ನನ್ನಂಥ ಮಧುಮೇಹಿಗಳಿಗೆ ಸಕ್ಕರೆ ಏರುವುದರಿಂದ ಮಾತ್ರೆಗಳ ಪ್ರಮಾಣವನ್ನು ಮೊದಲೇ ಕೇಳಿಟ್ಟುಕೊಂಡಿದ್ದೇನೆ. ಹಿತೈಷಿಗಳು ತಂದುಕೊಟ್ಟ ಕಷಾಯ, ಲೇಹ್ಯ, ಯಾವುದೋ ಎಲೆಯ ರಸ ಎಲ್ಲವೂ ಸದ್ಯಕ್ಕೆ ಬೀರುವಿನ ಮೇಲಿವೆ. ಕಿಮೊ ಔಷಧಗಳ ಜೊತೆ ಅವು ಹೇಗೆ ವರ್ತಿಸುತ್ತವೆಂದು ತಂದವರಿಗೂ ಗೊತ್ತಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಥರ್ಮಾಮೀಟರು. ಔಷಧ ಪಡೆದ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕೆಳಗಿಳಿಯುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿದರೆ ಅದು ತುರ್ತುಸ್ಥಿತಿ. ಮನೆಯಲ್ಲೇ ಪ್ಯಾರಾಸಿಟಮಾಲ್ ನುಂಗಿ ಬೆಳಗಾಗಲಿ ಎಂದು ಕಾಯುವಂತಿಲ್ಲ. ರಾತ್ರಿಯಾದರೂ ಆಸ್ಪತ್ರೆಗೆ ಹೋಗಲೇಬೇಕು. ರಾತ್ರಿ ಯಾವ ಸಂಖ್ಯೆಗೆ ಕರೆ ಮಾಡಬೇಕು, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಎಂಬುದನ್ನು ಹಗಲಿನಲ್ಲೇ ಹೋಗಿ ನೋಡಿಕೊಂಡು ಬಂದಿದ್ದೇವೆ. ಕೆಮ್ಮು ಇದ್ದವರು ಬರಬೇಡಿ, ಉಳಿದವರು ಫೋನು ಮಾಡಿ ಬನ್ನಿ ಎಂದು ಬಳಗದವರಿಗೆಲ್ಲ ವಾಟ್ಸ್ಆ್ಯಪ್ ಸಂದೇಶ ಕಳಿಸಿದೆ. ನಾದಿನಿಯೇ ಮೊದಲು ಉತ್ತರಿಸಿದಳು: ಎರಡನೆಯ ವಾರ ತಾನೇ ಬಂದು ಅಡುಗೆ ನೋಡಿಕೊಳ್ಳುತ್ತಾಳಂತೆ, ಒಗ್ಗರಣೆಯ ವಾಸನೆ ಆಗದಿದ್ದರೆ ಗಂಜಿಯನ್ನೇ ಮಾಡುತ್ತಾಳಂತೆ.

ನನ್ನ ಪತಿ ಹಳೆಯ ಲೆಡ್ಜರೊಂದರಲ್ಲಿ ಸ್ಕೇಲು ಹಿಡಿದು ಕಾಲಂಗಳನ್ನು ಎಳೆದಿದ್ದಾರೆ: ದಿನಾಂಕ, ತಾಪಮಾನ, ಮಾತ್ರೆ, ಊಟ. ಕೊನೆಯ ಕಾಲಂ ಅಗಲವಾಗಿದೆ, ತಲೆಬರಹವಿಲ್ಲ. ಕೇಳಿದರೆ, ‘ಅದು ಷರಾ, ನೀನು ಬರೆಯುವುದಕ್ಕೆ’ ಎಂದರು.