ಎಲ್ಕ್ ಕೊಂಬಿನ ಲೆಕ್ಕ

ಅಮೆರಿಕದ ಕೊಲರಾಡೊದಲ್ಲಿ ಎಲ್ಕ್ ಬೇಟೆಗೆ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಕಂಡ ಗಂಡಿಗೆಲ್ಲ ಗುಂಡು ಹೊಡೆಯೋ ಹಾಗಿಲ್ಲ. ಆ ರಾಜ್ಯದ ಬಹಳಷ್ಟು ಕಡೆ ಮೊದಲು ಕೊಂಬು ನೋಡಬೇಕು. ಒಂದು ಪಕ್ಕದ ಕೊಂಬಿನಲ್ಲಿ ಕನಿಷ್ಠ 4 ಮೊನೆ ಇರಬೇಕು, ಇಲ್ಲವೇ ಹುಬ್ಬಿನ ಮೇಲೆ ಮುಂದಕ್ಕೆ ಚಾಚಿರುವ ಮೊದಲ ಕವಲು ಕನಿಷ್ಠ 5 ಇಂಚು ಉದ್ದ ಇರಬೇಕು. ನಮ್ಮ ಭಾಷೇಲಿ ಹೇಳೋದಾದ್ರೆ ಇದು ಓಆರ್ ಗೇಟ್. ಎರಡೂ ಇಲ್ಲದಿದ್ದರೆ ಬಂದೂಕು ಕೆಳಗೆ.

ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ, ಗಾತ್ರದಲ್ಲಿ ಇನ್ನೂ ದೊಡ್ಡದು. ಎತ್ತಿನ ಕೊಂಬು ಜೀವನಪೂರ್ತಿ ಇರುತ್ತೆ. ಎಲ್ಕ್ ಕೊಂಬು ಪ್ರತಿವರ್ಷ ಉದುರಿ ಹೊಸದಾಗಿ ಬೆಳೆಯುತ್ತೆ, ಬೇಸಿಗೆಯಲ್ಲಿ ದಿನಕ್ಕೆ ಸುಮಾರು ಒಂದು ಇಂಚಿನವರೆಗೂ! ಒಂದು ವರ್ಷ ದಾಟಿದ ಗಂಡಿಗೆ ಸಾಮಾನ್ಯವಾಗಿ ಕವಲಿಲ್ಲದ ಒಂಟಿ ಕಡ್ಡಿಯಂಥ ಕೊಂಬು. ಅದನ್ನ ಸ್ಪೈಕ್ ಅಂತಾರೆ. ಬಲಿತ ಗಂಡಿಗೆ ಪಕ್ಕಕ್ಕೆ 6 ಮೊನೆ.

ಎಣಿಸೋವಾಗ ಎರಡು ವಿಷಯ ಗೊತ್ತಿರಬೇಕು. ಕನಿಷ್ಠ ಒಂದು ಇಂಚು ಉದ್ದ ಇದ್ದರೆ ಮಾತ್ರ ಅದು ಮೊನೆ, ಅದಕ್ಕಿಂತ ಚಿಕ್ಕದು ಬರೀ ಗಂಟು. ಆಮೇಲೆ ಮುಖ್ಯ ಕಾಂಡದ ತುದಿಯೂ ಒಂದು ಮೊನೆಯೇ. ಅಂದರೆ ಕಾಂಡದಿಂದ 3 ಕವಲು ಹೊರಟಿದ್ದರೆ ಲೆಕ್ಕ 4. ಕೋಡ್ ಬರೆಯೋವಾಗ ಆಗೋ ಆಫ್-ಬೈ-ಒನ್ ತಪ್ಪು ಇಲ್ಲೂ ಕಾದು ಕೂತಿರುತ್ತೆ. ಮೊಂಟಾನಾದಲ್ಲಿ ಎಷ್ಟೋ ಕಡೆ ಈ ಎಣಿಕೆಯೇ ಬೇಡ. ಯಾವುದಾದರೂ ಒಂದು ಕೊಂಬಿನ ಕೆಳಗಿನ ಅರ್ಧದಲ್ಲಿ 4 ಇಂಚಿನ ಕವಲು ಕಂಡರೆ ಸಾಕು. ನನಗೆ ಇದೇ ಜಾಣತನದ್ದು ಅನ್ನಿಸುತ್ತೆ. ಓಡಾಡೋ ಪ್ರಾಣಿಯ ತಲೆ ಮೇಲೆ ಒಂದೇ ಜಾಗ ನೋಡೋದು ಸುಲಭ.

ಇಷ್ಟೆಲ್ಲ ಯಾಕೆ? ವನ್ಯಜೀವಿ ಇಲಾಖೆಯವರಿಗೆ ನಿಜವಾಗಿ ಬೇಕಿರೋದು ವಯಸ್ಸು. ಅದು ದೂರದಿಂದ ಕಾಣಲ್ಲ, ಕೊಂಬು ಕಾಣುತ್ತೆ. ಯಾವ ಗಂಡನ್ನಾದರೂ ಹೊಡೀಬಹುದು ಅಂದರೆ ಅನುಭವ ಇಲ್ಲದ ಎಳೆಯವು ಸುಲಭವಾಗಿ ಸಿಕ್ಕಿಬೀಳುತ್ತವೆ, ಬಲಿಯೋವರೆಗೆ ಉಳಿಯೋದು ಕೆಲವೇ. ಎಲ್ಕ್‌ಗಳ ಬೆದೆಯ ಕಾಲ ಸೆಪ್ಟೆಂಬರ್ ಆಸುಪಾಸು. ಬಲಿತ ಗಂಡು ಸಾಕಷ್ಟಿಲ್ಲದಿದ್ದರೆ ಗರ್ಭ ಕಟ್ಟೋದು ತಡವಾಗಬಹುದು, ಮರಿ ಹುಟ್ಟೋದೂ ತಡ. ತಡವಾಗಿ ಹುಟ್ಟಿದ ಮರಿಗೆ ಹಿಮ ಬೀಳೋ ಮುಂಚೆ ಮೈ ತುಂಬಿಕೊಳ್ಳೋಕೆ ಟೈಮ್ ಸಾಲಲ್ಲ.

ಮಜಾ ಏನಂದ್ರೆ, ವಾಷಿಂಗ್ಟನ್ ರಾಜ್ಯದ ಪೂರ್ವ ಭಾಗದಲ್ಲಿ ಎಷ್ಟೋ ಕಡೆ ರೂಲ್ ಪೂರ್ತಿ ಉಲ್ಟಾ. ಅಲ್ಲಿ ಸಾಮಾನ್ಯ ಲೈಸೆನ್ಸ್‌ನಲ್ಲಿ ಸ್ಪೈಕ್ ಮಾತ್ರ ಹೊಡೀಬಹುದು, ಕವಲೊಡೆದ ಗಂಡಿಗೆ ಲಾಟರಿಯಲ್ಲಿ ಸಿಗೋ ಬೇರೆ ಪರ್ಮಿಟ್ ಬೇಕು. ಗುರಿ ಮಾತ್ರ ಅದೇ, ಬಲಿತ ಗಂಡು ಉಳೀಬೇಕು. ಒಂದು ವರ್ಷ ತಪ್ಪಿಸಿಕೊಂಡ ಸ್ಪೈಕ್‌ಗೆ ಮುಂದಿನ ವರ್ಷ ಕವಲು ಬಂದರೆ ಅದು ಹೆಚ್ಚುಕಮ್ಮಿ ಸೇಫ್.

ಕೊಲರಾಡೊ ಥರದ ರೂಲ್‌ನಲ್ಲಿ ಒಂದು ತೂತಿದೆ. ಸ್ಪೈಕ್ ಏನೋ ಬದುಕುತ್ತೆ, ಆದರೆ ಗುಂಡೆಲ್ಲ ಈಗಷ್ಟೇ 4 ಮೊನೆ ದಾಟಿದವುಗಳ ಕಡೆ ತಿರುಗುತ್ತೆ. ಅವೂ ಇನ್ನೂ ಚಿಕ್ಕವೇ. ಮೊನೆ ಎಣಿಸಿ ನಿಖರವಾದ ವಯಸ್ಸು ಹೇಳೋಕೂ ಆಗಲ್ಲ. ಪಕ್ಕಕ್ಕೆ 6 ಆದಮೇಲೆ ಎಷ್ಟೋ ಗಂಡುಗಳು ವರ್ಷಗಟ್ಟಲೆ 6ರಲ್ಲೇ ಇರುತ್ತವೆ. ನಮ್ಮ ಕಡವೆ, ಜಿಂಕೆಗಳಲ್ಲಂತೂ ಬಲಿತ ಗಂಡಿಗೆ ಸಾಮಾನ್ಯವಾಗಿ ಪಕ್ಕಕ್ಕೆ 3 ಮೊನೆ, ಅಷ್ಟೇ. ಹಾಗಾಗಿ ಈ ಸೂತ್ರವನ್ನ ಬಂಡೀಪುರಕ್ಕೆ ಕಾಪಿ-ಪೇಸ್ಟ್ ಮಾಡೋಕಾಗಲ್ಲ. ಬೇಕಾಗೂ ಇಲ್ಲ ಬಿಡಿ, 1972ರ ವನ್ಯಜೀವಿ ಕಾಯ್ದೆಯಿಂದ ಇವುಗಳ ಬೇಟೆ ನಿಂತಿದೆ.

ಕಷ್ಟ ಇರೋದು ಕಾಡಲ್ಲಿ. ಬೆಳಗಿನ ಜಾವದ ಮಬ್ಬು, ಅಡ್ಡ ಪೊದೆ, ಕೊಂಬಿನ ಹಿಂದೆ ಒಣ ಕೊಂಬೆ. ಕೊಂಬೆಯನ್ನೇ ನಾಲ್ಕನೇ ಮೊನೆ ಅಂದುಕೊಂಡು ಹೊಡೆದರೆ ಅಂಡೂ ಬಟನ್ ಇಲ್ಲ. ಸತ್ತಿರೋದು ಉಳೀಬೇಕಿದ್ದ ಪ್ರಾಣಿ, ಮೇಲೆ ಕೇಸು, ದಂಡ. ಅದಕ್ಕೇ ಪಳಗಿದ ಬೇಟೆಗಾರರು ಬೈನಾಕ್ಯುಲರ್ ಹಿಡಿದು, ಅದು ತಲೆ ತಿರುಗಿಸಿ ಎರಡೂ ಕೊಂಬು ಆಕಾಶದ ಬೆಳಕಿಗೆ ಬರೋವರೆಗೆ ಕಾಯ್ತಾರೆ. ಅಷ್ಟರಲ್ಲಿ ಅದು ಪೊದೆಯೊಳಗೆ ಮಾಯವಾದರೆ ಆವತ್ತಿನ ಬೇಟೆ ಅಲ್ಲಿಗೆ ಮುಗೀತು.