ಆಡದೆ ಸವಿಯುವ ಆಟ

ಗಾಲ್ಫ್ ದಾಂಡನ್ನು ನಾನು ಎಂದೂ ಕೈಯಲ್ಲಿ ಹಿಡಿದವನಲ್ಲ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬು 1876ರಷ್ಟು ಹಿಂದೆಯೇ ಸ್ಥಾಪನೆಯಾಯಿತಾದರೂ, ನಮ್ಮಂಥ ವಿದ್ಯಾರ್ಥಿಗಳಿಗೆ ಆ ಆಟ ಕೈಗೆಟುಕುವಂಥದಲ್ಲ. ಆದರೂ ಅದು ನನಗೆ ಬಲು ಪ್ರಿಯ. ಪುಸ್ತಕಗಳಿಂದ ಒಲಿದ ಆಟವದು. ಆಡದವನು ಆಟವನ್ನು ಸವಿಯುವುದು ಹೇಗೆಂದು ಮಿತ್ರರು ನಗುವುದುಂಟು. ಗಾಲ್ಫಿನ ಸ್ವರೂಪವನ್ನು ನೋಡಿದರೆ ಇದರಲ್ಲಿ ಸೋಜಿಗವೇನೂ ಇಲ್ಲ.

ನಮ್ಮ ಗೋಲಿಯಾಟದಂತೆ ಇಲ್ಲಿಯೂ ಗುರಿ ಕುಳಿಯೇ. ನಾಲ್ಕೂಕಾಲು ಅಂಗುಲ ಅಗಲದ 18 ಕುಳಿಗಳಿಗೆ ಆದಷ್ಟು ಕಡಮೆ ಹೊಡೆತಗಳಲ್ಲಿ ಚೆಂಡನ್ನು ಸೇರಿಸಬೇಕು. ಕ್ರಿಕೆಟ್ಟಿನಲ್ಲಿ ಚೆಂಡು ಮೇಲೆರಗಿ ಬರುತ್ತದೆ; ದಾಂಡಿಗನಿಗೆ ಯೋಚಿಸಲು ಬಿಡುವಿಲ್ಲ. ಗಾಲ್ಫಿನಲ್ಲಾದರೋ ಚೆಂಡು ನಿಶ್ಚಲವಾಗಿ ಕಾದು ಕುಳಿತಿರುತ್ತದೆ. ಹೊಡೆತ ಒಂದೆರಡು ಕ್ಷಣದ್ದು. ಅನಂತರ ನಡಿಗೆಯೇ ಹೆಚ್ಚು. ಆ ನಡಿಗೆಯಲ್ಲಿ ಆಸೆ, ಅಂಜಿಕೆ, ಅಹಂಕಾರಗಳು ಆಟಗಾರನ ಜೊತೆಗೂಡುತ್ತವೆ. ಇವು ಪ್ರೇಕ್ಷಕನ ಕಣ್ಣಿಗೆ ಕಾಣುವುದಿಲ್ಲ, ಬರೆಹದಲ್ಲಿ ಕಾಣುತ್ತವೆ.

1925ರ ಅಮೆರಿಕದ ಓಪನ್ ಪಂದ್ಯವನ್ನು ನೋಡಿ. ಬಾಬಿ ಜೋನ್ಸನು ಹೊಡೆಯಲು ಅಣಿಯಾದಾಗ ಹುಲ್ಲಿನಲ್ಲಿದ್ದ ಚೆಂಡು ಕೊಂಚ ಅಲುಗಿತು. ಬೇರೆ ಯಾರೂ ಕಾಣಲಿಲ್ಲ. ಆತನೇ ಅದನ್ನು ತಿಳಿಸಿ ತನ್ನ ಮೇಲೆ ಒಂದು ಹೊಡೆತದ ದಂಡ ಹಾಕಿಕೊಂಡನು. ಅದರಿಂದಾಗಿ ಪಂದ್ಯ ಸಮವಾಯಿತು. ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನನಿಗೆ ಒಂದೇ ಹೊಡೆತದ ಅಂತರದಿಂದ ಸೋತನು. ಅಂದು ಮೈದಾನದಲ್ಲಿದ್ದವರಿಗೆ ಕಾಣದ ಆ ಗಳಿಗೆ ಓದುಗನಿಗೆ ಕಾಣುತ್ತದೆ.

ಇಂಥ ಬರೆಹದಲ್ಲಿ ಹಿರಿಯರು ಬರ್ನಾರ್ಡ್ ಡಾರ್ವಿನ್. ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ನರ ಮೊಮ್ಮಗನಾದ ಇವರು ವಕೀಲಿ ವೃತ್ತಿಯನ್ನು ಬಿಟ್ಟು 1907ರಿಂದ 1953ರವರೆಗೆ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಗಾಲ್ಫ್ ಕುರಿತು ಬರೆದರು. 1913ರಲ್ಲಿ ಬ್ರೂಕ್‌ಲೈನಿನಲ್ಲಿ, ಹಿಂದೆ ಇತರರ ದಾಂಡುಗಳನ್ನು ಹೊತ್ತು ನಡೆದಿದ್ದ ಫ್ರಾನ್ಸಿಸ್ ವೀಮೆಟ್ ಎಂಬ 20 ವರ್ಷದ ತರುಣನು ಹೆಸರಾಂತ ವಾರ್ಡನ್ ಮತ್ತು ರೇ ಇಬ್ಬರನ್ನೂ ಸೋಲಿಸಿದನು. ಮೂವರ ಹೊಡೆತಗಳು 72, 77, 78. ಅಂದು ವೀಮೆಟನ ಹೊಡೆತಗಳನ್ನು ಗುರುತು ಹಾಕಿಕೊಳ್ಳುತ್ತ ಜೊತೆಯಲ್ಲಿ ನಡೆದವರು ಡಾರ್ವಿನ್ನರೇ.

ನಗಬೇಕೆನ್ನುವವರು ಪಿ. ಜಿ. ವುಡ್‌ಹೌಸರನ್ನು ಓದಬಹುದು. 1922ರಲ್ಲಿ ಹೊರಬಂದ ಅವರ ಗಾಲ್ಫ್ ಕಥೆಗಳನ್ನು ಹೇಳುವವನು ಕ್ಲಬ್ಬಿನ ಹಿರಿಯ ಸದಸ್ಯ. ಅವನೂ ಆಟ ಬಿಟ್ಟು ಎಷ್ಟೋ ಕಾಲವಾಗಿದೆ. ಆದರೆ ಆಟದ ಮರ್ಮ ಅವನಷ್ಟು ಬಲ್ಲವರಿಲ್ಲ!

ಬೆನ್ ಹೋಗನ್ 1957ರಲ್ಲಿ ಪ್ರಕಟಿಸಿದ ಐದು ಪಾಠಗಳಂಥ ಶಿಕ್ಷಣಗ್ರಂಥಗಳನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ದಾಂಡನ್ನು ಹಿಡಿಯುವ ಬಗೆಯನ್ನು ಅವು ತೋರಿಸುತ್ತವೆ. ಹೊಡೆತ ಸರಿಬಿದ್ದಾಗ ಮಣಿಕಟ್ಟಿಗೆ ಆಗುವ ಸುಖವನ್ನು ಮಾತ್ರ ಯಾವ ಪುಸ್ತಕವೂ ಕೊಡಲಾರದು. ಅದು ಆಡುವವನ ಪಾಲು. ಯಾರೂ ನೋಡದಾಗಲೂ ತನ್ನ ತಪ್ಪನ್ನು ತಾನೇ ಎಣಿಸಿಕೊಳ್ಳುವ ಆ ಶೀಲ ಮಾತ್ರ ಓದುವವನಿಗೂ ದಕ್ಕುತ್ತದೆ. ಪರೀಕ್ಷೆ ಬರೆಯುವ ನಮಗೆ ಅದು ಸಣ್ಣ ಲಾಭವಲ್ಲ.